ಮಗನ ಗ್ಯಾರೇಜಿನಲ್ಲಿ ಎರಡು ತಿಂಗಳು

"ಸಾರ್, ಅಮೆರಿಕಕ್ಕೆ ಹೋಗಿ ಬಂದಿರಿ, ನಯಾಗರದ ಬಗ್ಗೆ ಒಂದಕ್ಷರವೂ ಬರೆಯಲಿಲ್ಲವಲ್ಲ" ಎಂದು ಹಳೆಯ ವಿದ್ಯಾರ್ಥಿಗಳು ಕೆಲವರು ಆಕ್ಷೇಪಿಸಿದ್ದಾರೆ. ನಯಾಗರವನ್ನು ನೋಡಿದ್ದು ನಿಜ. ಆದರೆ 2023ರ ಬೇಸಿಗೆಯಲ್ಲಿ ಮಿಷಿಗನ್ನಿನ ಮಗನ ಮನೆಯಲ್ಲಿದ್ದ ಎರಡು ತಿಂಗಳಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು ಅವನ ಗ್ಯಾರೇಜಿನಲ್ಲಿ, ಕೈಯಲ್ಲೊಂದು ಟಾರ್ಚು ಹಿಡಿದುಕೊಂಡು. ಆದ್ದರಿಂದ ಅದನ್ನೇ ಬರೆಯುತ್ತೇನೆ.

ಅಲ್ಲಿದ್ದುದು 1991ರ ನಿಸ್ಸಾನ್ 240ಎಸ್‌ಎಕ್ಸ್ ಎಂಬ ಎರಡು ಬಾಗಿಲಿನ ಕಾರು. ಬಾನೆಟ್ಟು ಗೋಡೆಗೆ ಒರಗಿತ್ತು. ಇಂಜಿನ್ನಿನ ಜಾಗ ಖಾಲಿಯಾಗಿತ್ತು. ನನ್ನಾಕೆ ನೋಡಿ, "ಇದನ್ನು ಗುಜರಿಯವನೂ ಮುಟ್ಟುವುದಿಲ್ಲ" ಎಂದಳು. ಇಂಥದಕ್ಕೆ ಅಲ್ಲಿ ಪ್ರಾಜೆಕ್ಟ್ ಕಾರ್ ಎನ್ನುತ್ತಾರಂತೆ. ಎಂದಿಗೂ ಮುಗಿಯದ ಕಾರು ಎಂದು ಅದರ ಅರ್ಥ ಎಂಬುದು ಸೊಸೆಯ ವ್ಯಾಖ್ಯಾನ.

ಅಮೆರಿಕದಲ್ಲಿ ಈ ಕಾರಿಗೆ ಬರುತ್ತಿದ್ದುದು ಟರ್ಬೊ ಇಲ್ಲದ 2.4 ಲೀಟರಿನ ಇಂಜಿನ್, 155 ಅಶ್ವಶಕ್ತಿ. ಇದರ ಒಡಹುಟ್ಟಿದ ಸಿಲ್ವಿಯಾ ಕಾರಿಗೆ ಜಪಾನಿನಲ್ಲಿ ಎಸ್‌ಆರ್20ಡಿಇಟಿ ಎಂಬ ಎರಡೇ ಲೀಟರಿನ ಟರ್ಬೊ ಇಂಜಿನ್ ಕೊಡುತ್ತಿದ್ದರು, ಅದಕ್ಕೆ 205. ಜಪಾನಿನಿಂದ ಬಂದ ಅಂಥದೊಂದು ಹಳೆಯ ಇಂಜಿನ್ನನ್ನು ಮಗ ಕೊಂಡು, ಬಿಚ್ಚಿ, ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದ.

ನನ್ನ ತರಗತಿಯಲ್ಲಿ ಕುಳಿತವರಿಗೆ ನಾಲ್ಕು ಸ್ಟ್ರೋಕ್‌ಗಳ ಚಿತ್ರ ನೆನಪಿರಬಹುದು. ನಾಲ್ಕನೆಯದರಲ್ಲಿ ಹೊಗೆ ಹೊರಗೆ ಹೋಯಿತು, ಅಲ್ಲಿಗೆ ಅದರ ಕಥೆ ಮುಗಿಯಿತು ಎಂದು ಪ್ರತಿವರ್ಷ ಹೇಳಿ ಡಸ್ಟರ್ ಎತ್ತಿಕೊಳ್ಳುತ್ತಿದ್ದೆ. ಕಥೆ ಅಲ್ಲಿಗೆ ಮುಗಿಯಬೇಕಾಗಿಲ್ಲ. ಇಂಧನದ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಆ ಹೊಗೆಯ ಜೊತೆಯಲ್ಲೇ ವ್ಯರ್ಥವಾಗುತ್ತದೆ. ಆ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರದಿಂದ ಗಾಳಿಯನ್ನು ಒತ್ತಿ ಇಂಜಿನ್ನಿಗೆ ಉಣಿಸುವ ಉಪಾಯಕ್ಕೆ ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಇಂಜಿನಿಯರ್ 1905ರಲ್ಲೇ ಪೇಟೆಂಟ್ ಪಡೆದಿದ್ದ. ಆ ಪುಟ್ಟ ಚಕ್ರಗಳು ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ ತಿರುಗುತ್ತವೆ. ಹೆಚ್ಚು ಗಾಳಿ, ಅದಕ್ಕೆ ತಕ್ಕ ಹೆಚ್ಚು ಪೆಟ್ರೋಲು, ಹೆಚ್ಚು ಬಲ. ಒತ್ತಿದ ಗಾಳಿ ಕಾಯುತ್ತದೆಯಾದ್ದರಿಂದ ಅದನ್ನು ತಣಿಸಲು ಮುಂಭಾಗದಲ್ಲಿ ರೇಡಿಯೇಟರಿನಂಥ ಇಂಟರ್‌ಕೂಲರ್ ಇರುತ್ತದೆ. ಇಲ್ಲದಿದ್ದರೆ ಪೆಟ್ರೋಲು ಕಿಡಿಗೆ ಕಾಯದೆ ತಾನೇ ಸಿಡಿದು ಪಿಸ್ಟನ್ನನ್ನು ಒಡೆದೀತು. ಬಾಯ್ಲನ ನಿಯಮವನ್ನು ಮೂವತ್ತು ವರ್ಷ ಪಾಠ ಮಾಡಿದ ನನಗೆ ಇದನ್ನೆಲ್ಲ ವಿವರಿಸಿದವನು ನನ್ನ ಮಗ.

ಇಂಜಿನ್ನನ್ನು ಇಳಿಸಿ ಕೂರಿಸುವುದು ಒಂದೇ ದಿನದ ಕೆಲಸವಾಯಿತು. ಕಷ್ಟವೆಲ್ಲ ವೈರಿಂಗಿನಲ್ಲಿ. ಜಪಾನಿನ ಕಾರುಗಳಲ್ಲಿ ಸ್ಟಿಯರಿಂಗ್ ನಮ್ಮಂತೆ ಬಲಗಡೆ, ಅಮೆರಿಕದಲ್ಲಿ ಎಡಗಡೆ. ಆ ಕಾರಿಗೆಂದು ಹೆಣೆದ ತಂತಿಗಳನ್ನು ಈ ಕಾರಿಗೆ ಹೊಂದಿಸಬೇಕು. ಪ್ರತಿಯೊಂದು ತಂತಿಗೂ ಚೀಟಿ ಅಂಟಿಸುವ ಕೆಲಸ ನನಗೆ ಬಂತು. ನಾನು ಕನ್ನಡದಲ್ಲಿ ಬರೆದೆ: ಎಣ್ಣೆ ಒತ್ತಡ, ನೀರಿನ ಬಿಸಿ, ಎಡ ಮೂರು. "ಇನ್ನು ಈ ಕಾರನ್ನು ಇಲ್ಲಿನ ಯಾವ ಮೆಕ್ಯಾನಿಕ್ಕೂ ಮುಟ್ಟುವ ಹಾಗಿಲ್ಲ" ಎಂದು ಮಗ ನಕ್ಕ.

ಹೀಗೆ ಚೀಟಿ ಬರೆಯುತ್ತಿದ್ದಾಗಲೇ ನನಗೆ ತಡೆಯದಾಯಿತು. ನೆಂಟರಲ್ಲಿಯೂ ಯಾರಿಗೂ ತಿಳಿಯದ ಸಂಗತಿ ಇದು. ಹದಿಮೂರನೆಯ ವಯಸ್ಸಿನಲ್ಲಿ ಅವನು ನನ್ನ ಟಿವಿಎಸ್ 50ರ ಕಾರ್ಬ್ಯುರೇಟರ್ ಬಿಚ್ಚಿದ್ದಕ್ಕೆ ಬೆತ್ತದಲ್ಲಿ ಹೊಡೆದಿದ್ದೆ. ಅದನ್ನು ಅವನು ಮತ್ತೆ ಸರಿಯಾಗಿಯೇ ಜೋಡಿಸಿದ್ದ ಎಂಬುದು ಸಂಜೆ ಗಾಡಿ ಓಡಿಸಿದಾಗ ತಿಳಿಯಿತು. ಆದರೂ ನಾನು ಏನೂ ಹೇಳಲಿಲ್ಲ. 1992ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಪಾಲಿಟೆಕ್ನಿಕ್ಕಿನಲ್ಲಿ ಆಟೊಮೊಬೈಲ್ ಡಿಪ್ಲೊಮಾ ಓದುತ್ತೇನೆಂದು ಅರ್ಜಿ ತುಂಬಿ ನನ್ನ ಕೈಗೆ ಕೊಟ್ಟ. ಮೇಷ್ಟರ ಮಗ ಗ್ರೀಸು ಕೈ ಮಾಡಿಕೊಳ್ಳುವುದೇ ಎಂದು ನಾನು ಅದನ್ನು ಟ್ರಂಕಿನಲ್ಲಿ ಹಳೆಯ ಪಂಚಾಂಗಗಳ ಕೆಳಗೆ ಇಟ್ಟುಬಿಟ್ಟೆ. ಕೊನೆಯ ದಿನ ಕಳೆದ ಮೇಲೆ, ಕಳಿಸಿದ್ದೆ, ಸೀಟು ಬರಲಿಲ್ಲ ಎಂದು ಸುಳ್ಳು ಹೇಳಿದೆ. ಅವನು ಪಿಯುಸಿಗೆ ಸೇರಿದ, ಇಂಜಿನಿಯರಿಂಗ್ ಮಾಡಿದ, ಕಂಪ್ಯೂಟರಿನ ಕೆಲಸ ಹಿಡಿದು ಅಮೆರಿಕಕ್ಕೆ ಹೋದ. ಊರಿನಲ್ಲಿ ಎಲ್ಲರೂ ನನ್ನ ದೂರದೃಷ್ಟಿಯನ್ನು ಹೊಗಳಿದರು; ನಾನೂ ಕೇಳಿಸಿಕೊಂಡೆ.

ಅಂದು ಅದನ್ನೆಲ್ಲ ಹೇಳಿದೆ. ಮಗ ಕಾರಿನ ಕೆಳಗಿದ್ದ. ಅವನ ಕಾಲುಗಳು ಮಾತ್ರ ಕಾಣುತ್ತಿದ್ದವು. "ಗೊತ್ತಿತ್ತು ಅಣ್ಣ. ಆ ವರ್ಷವೇ ಅಮ್ಮ ಹೇಳಿದ್ದಳು" ಎಂದ. (ನಮ್ಮ ಮನೆಯಲ್ಲಿ ತಂದೆಯನ್ನು ಅಣ್ಣ ಎಂದೇ ಕರೆಯುವುದು.) ಸ್ವಲ್ಪ ಹೊತ್ತಿನ ಮೇಲೆ, "ಒಂದಷ್ಟು ವರ್ಷ ನಿಮ್ಮ ಮೇಲೆ ಬಹಳ ಸಿಟ್ಟಿತ್ತು" ಎಂದ. ಆಮೇಲೆ ಹತ್ತನೇ ನಂಬರ್ ಸ್ಪ್ಯಾನರ್ ಕೇಳಿದ. ನಾನು ಹನ್ನೆರಡರದನ್ನು ಕೊಟ್ಟೆ. ಕನ್ನಡಕ ಮಂಜಾಗಿತ್ತು.

ಹೊರಡಲು ನಾಲ್ಕು ದಿನವಿರುವಾಗ ಇಂಜಿನ್ ಚಾಲೂ ಆಯಿತು. ಟರ್ಬೊದ ಬೇರಿಂಗು ಒಣಗಿದ್ದರೆ ಕೆಟ್ಟುಹೋಗುತ್ತದೆಂದು, ಮೊದಲು ಕಿಡಿ ಬಾರದಂತೆ ತಪ್ಪಿಸಿ, ಬರಿದೇ ತಿರುಗಿಸಿ, ಎಣ್ಣೆಯ ಒತ್ತಡ ಏರುವವರೆಗೆ ಕಾದ. ಆಮೇಲೆ ಒಂದೇ ಸಲಕ್ಕೆ ಹೊತ್ತಿಕೊಂಡಿತು. ಎರಡು ನಿಮಿಷದಲ್ಲಿ ದಟ್ಟ ಹೊಗೆ! ಟರ್ಬೊದಿಂದ ಎಣ್ಣೆ ಹಿಂದಿರುಗುವ ಕೊಳವೆಯ ಗ್ಯಾಸ್ಕೆಟ್ಟು ಸರಿಯಾಗಿ ಕೂತಿರಲಿಲ್ಲ. ಎಣ್ಣೆ ಕಾದ ಕಬ್ಬಿಣದ ಮೇಲೆ ಸುರಿಯುತ್ತಿತ್ತು. ಮೊಮ್ಮಗಳು ಕಿರುಚಿಕೊಂಡು ಓಡಿದಳು. ಅದನ್ನು ಬಿಚ್ಚಿ ಮತ್ತೆ ಕೂರಿಸಲು ಮತ್ತೆರಡು ದಿನ ಹಿಡಿಯಿತು.

ಕೊನೆಯ ಸಂಜೆ ನನ್ನನ್ನು ಕೂರಿಸಿಕೊಂಡು ಹೊರಟ. ಮೂರು ಸಾವಿರ ಆರ್‌ಪಿಎಂವರೆಗೆ ಸಾಮಾನ್ಯ ಕಾರೇ. ಅನಂತರ ಸಣ್ಣ ಸಿಳ್ಳೆಯೊಂದು ಕೇಳಿ, ಯಾರೋ ಬೆನ್ನಿಗೆ ಕೈಯಿಟ್ಟು ನೂಕಿದಂತಾಯಿತು. "ಸಾಕೋ" ಎಂದೆ. ಅವನು ನಗುತ್ತಿದ್ದ, ಹದಿಮೂರರ ಹುಡುಗನ ಮುಖ.

ಮಿಷಿಗನ್ನಿನಲ್ಲಿ ಚಳಿಗಾಲಕ್ಕೆ ರಸ್ತೆಗಳಿಗೆ ಉಪ್ಪು ಸುರಿಯುತ್ತಾರೆ. ತುಕ್ಕಿನ ಭಯಕ್ಕೆ ಕಾರನ್ನು ಆಗ ಹೊರಗೆ ತೆಗೆಯುವುದಿಲ್ಲ. ಮೊನ್ನೆ ರಾತ್ರಿ ಫೋನು ಮಾಡಿ, ಒಂದು ಚೀಟಿ ಉದುರಿಹೋಗಿದೆ, ನೀಲಿ ಗೆರೆಯ ಹಳದಿ ತಂತಿ ಯಾವುದೆಂದು ಕೇಳಿದ. ನೀರಿನ ಬಿಸಿಯದು ಎಂದೆ. ಪುಸ್ತಕ ನೋಡಿ ಖಚಿತಪಡಿಸಿಕೋ ಎಂದೂ ಸೇರಿಸಿದೆ.