ನೆಲೆಯೂ ಬಾಡಿಗೆಯೂ

ಆಂಗ್ಲದೇಶದಲ್ಲಿ ಬಾಡಿಗೆ ತೆರಲಾರದ ಬಡವರಿಗೆ ಸರ್ಕಾರವು ದ್ರವ್ಯಸಹಾಯ ಮಾಡುವುದುಂಟು. 2011ರಲ್ಲಿ ಈ ಸಹಾಯಕ್ಕೆ ಹೊಸ ಮಿತಿಯನ್ನು ಗೊತ್ತುಮಾಡಲು, ಲಂಡನ್ನಿನ ಮನೆಗಳು ಅನೇಕರ ಕೈಗೆ ಎಟುಕದಾದುವು. ಮರುವರ್ಷ ಅಲ್ಲಿನ ನ್ಯೂಹ್ಯಾಮ್ ಪೌರಸಭೆಯು, 500 ಸಂಸಾರಗಳವರೆಗೆ ಎಡೆ ದೊರೆತೀತೇ ಎಂದು ದೂರದ ಸ್ಟೋಕ್ ಪಟ್ಟಣದ ವಸತಿಸಂಘವೊಂದಕ್ಕೆ ಓಲೆ ಬರೆಯಿತು.

ಮಿತವ್ಯಯವು ಸಾಧುವೇ ಸರಿ. ಆದರೆ ಮಕ್ಕಳ ಶಾಲೆ, ದುಡಿಮೆಯ ತಾಣ, ರೋಗದಲ್ಲಿ ಒದಗುವ ನೆರೆಮನೆ, ಇವು ಸಂಸಾರದ ಬೇರುಗಳು. ಬಾಡಿಗೆ ಅಗ್ಗವಾದ ಊರಿನಲ್ಲಿ ಉದ್ಯೋಗವೂ ಅನೇಕವೇಳೆ ವಿರಳ.

ಐವರು ಮಕ್ಕಳ ತಾಯಿಯೊಬ್ಬಳು ಮಿಲ್ಟನ್ ಕೀನ್ಸ್ ಬಳಿಯ ಮನೆಯನ್ನು ಒಲ್ಲೆನೆನ್ನಲು, ಲಂಡನ್ನಿನ ಇನ್ನೊಂದು ಪೌರಸಭೆಯು ತನ್ನ ಹೊಣೆ ತೀರಿತೆಂದಿತು. 2015ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಆ ನಿರ್ಣಯವನ್ನು ರದ್ದುಪಡಿಸಿ, ಸಮೀಪದಲ್ಲಿ ವಸತಿ ಏಕೆ ದೊರೆಯಲಿಲ್ಲವೆಂಬುದಕ್ಕೆ ಕಾರಣ ತೋರಿಸಬೇಕೆಂದು ವಿಧಿಸಿತು. ಬಡವನನ್ನು ಊರು ಬಿಡಿಸುವವರು ಕಾರಣವನ್ನಾದರೂ ಹೇಳಬೇಡವೇ?