ಮಾಟುಂಗಾದಲ್ಲಿ ಚಿಕ್ಕಪ್ಪ

ಊರಿನಿಂದ ಯಾರೇ ಬರಲಿ, ನಾನು ಮೊದಲು ತೋರಿಸುವುದು ಗೇಟ್‌ವೇ ಅಲ್ಲ, ಮಾಟುಂಗಾ. ಸೆಂಟ್ರಲ್ ಲೈನಿನ ಸ್ಟೇಷನ್ನಿನಿಂದ ಪೂರ್ವಕ್ಕೆ ಹೊರಬಿದ್ದರೆ ಮಲ್ಲಿಗೆ ದಂಡೆ, ಬಾಳೆಲೆ ಕಟ್ಟು, ನುಗ್ಗೆ, ಸುವರ್ಣಗೆಡ್ಡೆ. ಹತ್ತಿರದಲ್ಲೇ 1939ರಿಂದ ನಡೆಯುತ್ತಿರುವ ರಾಮಾಶ್ರಯ. ಅಲ್ಲಿ ಅನಾನಸು ಶಿರಾ ತಿನ್ನದೆ ಮುಂದೆ ಹೋಗಬಾರದು (ನಮ್ಮ ಕೇಸರಿಬಾತಿಗೆ ಇಲ್ಲಿ ಶಿರಾ ಎಂದರೇ ಮರ್ಯಾದೆ). ಕಿಂಗ್ಸ್ ಸರ್ಕಲ್ಲಿನ ಕಡೆ ನಡೆದರೆ 1940ರ ಕೆಫೆ ಮದ್ರಾಸ್. ರಾಗಿ ದೋಸೆ, ರಸಂ ವಡೆ ಎರಡಕ್ಕೂ ಕಾಯಬಹುದು. ಭಾನುವಾರ ಹೋದರೆ ಮಾತ್ರ ಹಸಿವಿಗಿಂತ ತಾಳ್ಮೆ ಹೆಚ್ಚು ಬೇಕು.

ಕಳೆದ ಡಿಸೆಂಬರಿನಲ್ಲಿ ಕುಂದಾಪುರದಿಂದ ಚಿಕ್ಕಪ್ಪ ಬಂದಾಗಲೂ ಇದೇ ಯೋಜನೆ ಹಾಕಿದ್ದೆ. ಅವರು 1968ರಲ್ಲಿ, ಹದಿಮೂರನೆಯ ವಯಸ್ಸಿಗೆ, ಇದೇ ಊರಿನ ಒಂದು ಹೋಟೆಲಿನಲ್ಲಿ ಮಾಣಿಯಾಗಿದ್ದವರು. ಹಗಲು ಕಪ್ಪು ಬಸಿ ತೊಳೆದು ಸಂಜೆ ಫೋರ್ಟಿನ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಓದದೆ ಕೂತರೆ ನನಗೆ ಅದೇ ಉದಾಹರಣೆ. ಹಾಗಾಗಿ ಅವರಿಗೆ ಹಳೆಯದೆಲ್ಲ ನೆನಪಾಗಿ ಖುಷಿಯಾಗುತ್ತದೆ ಎಂದುಕೊಂಡಿದ್ದೆ.

ರಾಮಾಶ್ರಯದ ಬಾಗಿಲಲ್ಲಿ ಜನ ನಿಂತಿದ್ದರು. ಚಿಕ್ಕಪ್ಪ, "ಎಂತಕ್ಕೆ ಮಾರಾಯ ಇಷ್ಟು ರಶ್ಶು? ಮನೆಯಲ್ಲೇ ಮಾಡಬಹುದಿತ್ತು" ಎಂದರು. ನಾನು ಬಿಡಲಿಲ್ಲ. ಗುರುತಿಲ್ಲದ ಇಬ್ಬರ ಜೊತೆ ಒಂದೇ ಮೇಜಿಗೆ ಕೂತೆವು. ಶಿರಾ, ಇಡ್ಲಿ, ಕಾಫಿ ಬಂದವು. ನಾನು ಹೋಟೆಲಿನ ಚರಿತ್ರೆ ಹೇಳುತ್ತಿದ್ದೆ. ಎ. ರಾಮ ನಾಯಕರು 1936ರಲ್ಲಿ ಕೆಫೆ ಮೈಸೂರು ಶುರುಮಾಡಿದ್ದು, 1942ರಲ್ಲಿ ಸ್ಟೇಷನ್ ಬದಿಯ ಉಡುಪಿ ಶ್ರೀಕೃಷ್ಣ ಬೋರ್ಡಿಂಗು, ಅಲ್ಲಿನ ಬಾಳೆಲೆ ಊಟ, ಎಲ್ಲ. ಅವರು ಹೂಂ ಎನ್ನುತ್ತಿದ್ದರು, ಕಣ್ಣು ಮಾತ್ರ ಮೇಜು ಒರೆಸುವ ಹುಡುಗನ ಮೇಲೆ.

ತಿಂದು ಮುಗಿಸಿದ್ದೇ ತಟ್ಟೆಯ ಮೇಲೆ ತಟ್ಟೆ ಇಟ್ಟರು, ಲೋಟ ಬಟ್ಟಲುಗಳನ್ನು ಒಂದರೊಳಗೊಂದು ಸೇರಿಸಿದರು, ಚಮಚಗಳನ್ನು ಒಂದೇ ದಿಕ್ಕಿಗೆ ಜೋಡಿಸಿ ಎಲ್ಲವನ್ನೂ ಮೇಜಿನ ಅಂಚಿಗೆ ಸರಿಸಿದರು. ಎದುರಿಗೆ ಕೂತವರ ತಟ್ಟೆಯನ್ನೂ ಬಿಡಲಿಲ್ಲ. ಅವರು ನನ್ನ ಮುಖ ನೋಡಿದರು. ನನಗೆ ನಾಚಿಕೆಯಾಯಿತು. ಇದನ್ನು ಬರೆಯುವಾಗ ಆ ನಾಚಿಕೆಗೇ ನಾಚಿಕೆಯಾಗುತ್ತಿದೆ, ಆದರೆ ಆಗ ಆದದ್ದು ಅದೇ. "ಬಿಡಿ ಚಿಕ್ಕಪ್ಪ, ಅವರು ತೆಗೆಯುತ್ತಾರೆ" ಎಂದೆ.

"ತೆಗೆಯುತ್ತಾನೆ. ಎರಡು ಸಲ ಬರುವಲ್ಲಿ ಒಂದು ಸಲ ಬಂದರೆ ಸಾಕಲ್ಲ" ಎಂದರು.

ಹುಡುಗ ಬಂದಾಗ ಚಿಕ್ಕಪ್ಪ ತುಳುವಿನಲ್ಲಿ ಊರು ಯಾವುದೆಂದು ಕೇಳಿದರು. ಅವನಿಗೆ ಅರ್ಥವಾಗಲಿಲ್ಲ. ಕನ್ನಡದಲ್ಲಿ ಕೇಳಿದರು. ಕೊನೆಗೆ ಅವರ ಹಳೆಯ, ಅರ್ಧ ಮುರಿದ ಹಿಂದಿ ಹೊರಬಂತು. ಹುಡುಗ ಒಡಿಶಾ ಎಂದ. "ಊಟ ಆಯ್ತಾ?" ಎಂಬ ಪ್ರಶ್ನೆಗೆ ನಕ್ಕು, ತಟ್ಟೆಗಳನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಹೋದ.

ಹೊರಗೆ ಹೂವಿನ ಅಂಗಡಿಗಳ ಪಕ್ಕ ನಡೆಯುವಾಗ ಚಿಕ್ಕಪ್ಪ ತಾವಾಗಿಯೇ ಹೇಳಿದರು. ಅವರಿದ್ದ ಹೋಟೆಲಿನಲ್ಲಿ ಆರು ವರ್ಷದಲ್ಲಿ ಒಂದು ದಿನವೂ ಗಿರಾಕಿಯ ಕುರ್ಚಿಯಲ್ಲಿ ಕೂತಿರಲಿಲ್ಲವಂತೆ. ಬಾಗಿಲು ಹಾಕಿದ ಮೇಲೆ ಅದೇ ಮೇಜುಗಳನ್ನು ಜೋಡಿಸಿ ಮಲಗುವುದು, ಊಟ ಮಾತ್ರ ಒಳಗೆ, ನೆಲದಲ್ಲಿ. ಮೆಟ್ರಿಕ್ ಪರೀಕ್ಷೆಯ ಹಿಂದಿನ ದಿನ ರಜೆ ಕೇಳಿದ್ದಕ್ಕೆ ಕೆಲಸ ಹೋಯಿತು. ಪರೀಕ್ಷೆ ಬರೆಯಲಿಲ್ಲ. ಮನೆಯ ಕಥೆಯಲ್ಲಿ ಈ ಭಾಗ ಇರಲೇ ಇಲ್ಲ. ನಮ್ಮ ಲೆಕ್ಕದಲ್ಲಿ ಅವರು ಪಾಸಾಗಿ ಊರಿಗೆ ಬಂದವರು.

"ಅಪ್ಪನಿಗೆ ಗೊತ್ತಿತ್ತಾ?"

"ಅಣ್ಣನೇ ಹಾಗೆ ಹೇಳುವ ಅಂದದ್ದು."

ಮಧ್ಯಾಹ್ನಕ್ಕೆ ರಾಮ ನಾಯಕರಲ್ಲಿ ಬಾಳೆಲೆ ಊಟ ಎಂದುಕೊಂಡಿದ್ದೆ. ಬೇಡವೆಂದರೆ ಮನೆಗೆ ಹೋಗೋಣ ಎಂದೆ. ಚಿಕ್ಕಪ್ಪ ಗಡಿಯಾರ ನೋಡಿಕೊಂಡರು. "ಹನ್ನೆರಡೂವರೆ ಆಯಿತು, ಈಗ ಹೋದರೆ ಕೂಪನ್ನಿಗೆ ಲೈನು ಕಡಿಮೆ ಇರಬಹುದು" ಎಂದು ನನಗಿಂತ ಮುಂದೆ ನಡೆದರು.