ದಾಂಡೇಲಿಯ ದಾರಿಯಲ್ಲಿ

ನಮ್ಮ ಕ್ಲಾಸಿನಲ್ಲಿ ಆಫ್ರಿಕಾಕ್ಕೆ ಹೋಗಿ ಬಂದವರು ಯಾರೂ ಇಲ್ಲ. ಆದರೂ ಆಫ್ರಿಕಾದ ಬಗ್ಗೆ ಕೇಳಿದರೆ ಎಲ್ಲರೂ ಏನಾದರೂ ಹೇಳುತ್ತಾರೆ. ಸಿಂಹ, ಜಿರಾಫೆ, ತೆರೆದ ಜೀಪು, ಸಫಾರಿ. ಇತಿಹಾಸ ಓದುವವರು ಗುಲಾಮರ ವ್ಯಾಪಾರವನ್ನೂ ಸೇರಿಸುತ್ತಾರೆ. ಹಡಗು, ಸರಪಳಿ, ಅಮೆರಿಕದ ಹತ್ತಿ ಹೊಲ. ಆ ಹಡಗುಗಳಲ್ಲಿ ಕೆಲವು ನಮ್ಮ ಕರಾವಳಿಗೂ ಬಂದಿದ್ದವು, ಅವುಗಳಲ್ಲಿ ಬಂದವರ ಮರಿಮಕ್ಕಳ ಮಕ್ಕಳು ಇಂದು ನಮ್ಮದೇ ರಾಜ್ಯದ ಕನ್ನಡ ಶಾಲೆಗಳಲ್ಲಿ ಕುಳಿತು ನಾವು ಓದಿದ ಪಾಠವನ್ನೇ ಓದುತ್ತಿದ್ದಾರೆ ಎಂದು ಹೇಳುವವರು ಕಡಿಮೆ. ಅವರನ್ನು ಸಿದ್ದಿಯರು ಎನ್ನುತ್ತಾರೆ. ದಸರಾ ರಜೆಯಲ್ಲಿ ಅವರ ಒಂದು ಮನೆಯಲ್ಲಿ ನಾನು ಊಟ ಮಾಡಿ ಬಂದೆ. ಅದರ ಬಗ್ಗೆ ಈ ಬರಹ.

ನನ್ನ ಅಬ್ಬಾ ಟೆಂಪೋ ಟ್ರಾವೆಲರ್ ಓಡಿಸುತ್ತಾರೆ. ಡ್ರೈವರ್‌ಗಳು ಅದಕ್ಕೆ ಟಿಟಿ ಎನ್ನುತ್ತಾರೆ. ಬಸವೇಶ್ವರನಗರದ ಮೂರು ಕುಟುಂಬಗಳು ದಾಂಡೇಲಿಗೆ ಬಾಡಿಗೆ ಮಾತಾಡಿದ್ದವು. ರಾತ್ರಿ ಪ್ರಯಾಣ, ಹೋಗಲು ಸುಮಾರು 460 ಕಿಲೋಮೀಟರ್. ನಿದ್ದೆ ಬರದಂತೆ ಮಾತಾಡಲು ಪಕ್ಕದಲ್ಲಿ ಒಬ್ಬರು ಬೇಕು ಎಂದು ಅಬ್ಬಾ ನನ್ನನ್ನೂ ಕರೆದುಕೊಂಡರು. ಲಗೇಜ್ ಏರಿಸುವುದು, ಗಾಜು ಒರೆಸುವುದು ನನ್ನ ಕೆಲಸ. ಹಾವನೂರು ಸರ್ಕಲ್ಲಿನಲ್ಲಿ ರಾತ್ರಿ ಹತ್ತಕ್ಕೆ ಎಲ್ಲರನ್ನೂ ಹತ್ತಿಸಿಕೊಂಡು ಗೊರಗುಂಟೆಪಾಳ್ಯ ದಾಟಿ ತುಮಕೂರು ರಸ್ತೆ ಹಿಡಿದೆವು. ಬೆಳಗಿನ ಹೊತ್ತಿಗೆ ಧಾರವಾಡ. ಅಲ್ಲಿಂದ ಹಳಿಯಾಳದ ದಾರಿ ಹಿಡಿದರೆ ಬಯಲು ನಿಧಾನಕ್ಕೆ ಮುಗಿದು ಭತ್ತದ ಗದ್ದೆ, ಆಮೇಲೆ ತೇಗದ ಮರಗಳು, ಆಮೇಲೆ ಕಾಡು.

ಕಾಡಿನ ಬಗ್ಗೆ ಬೇಗ ಹೇಳಿಬಿಡುತ್ತೇನೆ, ಏಕೆಂದರೆ ಹುಲಿ ಕಾಣಲಿಲ್ಲ. ದಾಂಡೇಲಿಯ ಕಾಡು 1956ರಲ್ಲಿ ಅಭಯಾರಣ್ಯವಾಯಿತು. 2007ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನದ ಜೊತೆ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಿಂದ ಅದರ ಹೆಸರು ಕಾಳಿ, ನದಿಯ ಹೆಸರೇ. ಇಲ್ಲಿನ ಕರಿ ಚಿರತೆ ಪ್ರಸಿದ್ಧ. ಅದೂ ನಮಗೆ ದರ್ಶನ ಕೊಡಲಿಲ್ಲ. ಬೆಳಗಿನ ಸಫಾರಿಯಲ್ಲಿ ಚುಕ್ಕೆ ಜಿಂಕೆಗಳು, ಒಂದು ಕಾಟಿ, ತುಂಬಾ ಮಂಜು. ಆದರೆ ಊರೊಳಗಿನ ಮರದ ಡಿಪೋದಲ್ಲಿ ಮಂಗಟ್ಟೆ ಹಕ್ಕಿಗಳನ್ನು ಕಣ್ಣು ತುಂಬ ನೋಡಿದೆವು. ರಾಶಿ ಹಾಕಿದ ದಿಮ್ಮಿಗಳ ಮೇಲಿನ ಆಲದ ಮರಕ್ಕೆ ರೆಕ್ಕೆಯಿಂದ ಗಾಳಿ ಸೀಳುವ ಸದ್ದು ಮಾಡುತ್ತಾ ಬಂದು ಕೂತವು. ಈ ಕಾಡಿನಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ. ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಕೂತು ಬಾಗಿಲನ್ನು ಮುಚ್ಚಿಕೊಳ್ಳುತ್ತದೆ, ಕೊಕ್ಕಿನಷ್ಟು ಸಂದು ಮಾತ್ರ ಬಿಡುತ್ತದೆ, ಗಂಡು ಹಕ್ಕಿ ತಿಂಗಳುಗಟ್ಟಲೆ ಅದರಲ್ಲೇ ಹಣ್ಣು ತಂದು ತಿನ್ನಿಸುತ್ತದೆ. ಗೈಡ್ ಇದನ್ನೆಲ್ಲ ಎಷ್ಟು ಪ್ರೀತಿಯಿಂದ ಹೇಳಿದರೆಂದರೆ ಫೋನ್ ಬಿಡದ ಮಕ್ಕಳೂ ಕೇಳುತ್ತಾ ನಿಂತವು. ಹಕ್ಕಿಯ ಚಿತ್ರ ದಾಂಡೇಲಿಯ ಹೋಟೆಲ್ ಬೋರ್ಡಿನಲ್ಲಿದೆ, ಟೀ ಶರ್ಟಿನಲ್ಲಿದೆ, ಗೋಡೆಗಳ ಮೇಲಿದೆ.

ಸಂಜೆ ರೆಸಾರ್ಟಿನಲ್ಲಿ ಬೆಂಕಿ ಹಾಕಿದ್ದರು. ಏಳೆಂಟು ಜನ ಬಂದರು, ಗಂಡಸರು ಹೆಂಗಸರು ಇಬ್ಬರೂ. ಗುಂಗುರು ಕೂದಲು, ಸೊಂಟಕ್ಕೆ ಸೊಪ್ಪು, ಮುಖಕ್ಕೆ ಬಿಳಿ ಬಣ್ಣ. ಚರ್ಮ ಬಿಗಿದ ಉದ್ದನೆಯ ಡಮಾಮಿಯನ್ನು ಬಾರಿಸುತ್ತಾ ಕುಣಿದರು. ಕುಣಿತ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಮುಗಿದ ಮೇಲೆ ನಮ್ಮ ಪಾರ್ಟಿಯ ಒಬ್ಬರು ಎದ್ದು, ಕೈ ಬಾಯಿ ತಿರುಗಿಸುತ್ತಾ ಇಂಗ್ಲಿಷಿನಲ್ಲಿ, ನೀವು ಯಾವ ದೇಶದವರು ಎಂದು ಕೇಳಿದರು. ಡಮಾಮಿ ಬಾರಿಸುತ್ತಿದ್ದ ಹುಡುಗ ಬೆವರು ಒರೆಸಿಕೊಂಡು ಹೇಳಿದ: "ಯಲ್ಲಾಪುರ ತಾಲೂಕು ಸರ್." ಎಲ್ಲರೂ ನಕ್ಕರು. ಅವನೂ ನಕ್ಕ. ಈ ಪ್ರಶ್ನೆ ಅವನಿಗೆ ವಾರಕ್ಕೆ ಎಷ್ಟು ಸಲ ಬರುತ್ತದೋ ಎಂದು ನಾನು ಯೋಚಿಸಿದೆ. ಮರದ ಡಿಪೋದಲ್ಲಿ ಹಕ್ಕಿಗೆ ಅರ್ಧ ಗಂಟೆಯ ಕತೆ ಹೇಳಿದ ಗೈಡ್ ಇಲ್ಲಿ ಮೈಕ್ ಹಿಡಿದು ಹೇಳಿದ್ದು ಒಂದೇ ಸಾಲು: ಇವರು ಆಫ್ರಿಕಾ ಮೂಲದವರು.

ಆ ಸಾಲಿನ ಹಿಂದೆ ಇರುವುದನ್ನು ನಾನು ಆಮೇಲೆ ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಹುಡುಕಿ ಓದಿದೆ. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದ ಮೇಲೆ ಪೂರ್ವ ಆಫ್ರಿಕಾದಿಂದ, ಮುಖ್ಯವಾಗಿ ಮೊಜಾಂಬಿಕ್ ಕಡೆಯಿಂದ, ಜನರನ್ನು ಹಿಡಿದು ತಂದು ಅಲ್ಲಿ ಮಾರಿದರು. ಅದಕ್ಕೂ ಮೊದಲಿನಿಂದ ಅರಬ್ ವ್ಯಾಪಾರಿಗಳೂ ಈ ವ್ಯಾಪಾರ ಮಾಡುತ್ತಿದ್ದರು. ಇದನ್ನು ಮುಚ್ಚಿಡುವುದು ಸರಿಯಲ್ಲ. ಗೋವಾದ ಯಜಮಾನರಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡಿಗೆ ಬಂದು ಸೇರಿದರು. ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ಇರುವವರು ಅವರ ಸಂತತಿ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು 2011ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಇವರ ಆಫ್ರಿಕಾ ಸಂಬಂಧವನ್ನು ತೋರಿಸಿಕೊಟ್ಟರು. ಆದರೆ ಯಾವ ಊರು, ಯಾವ ಕುಲ, ಯಾವ ತಾಯಿ ಎಂಬುದನ್ನು ರಕ್ತ ಹೇಳುವುದಿಲ್ಲ.

ಮಾರನೇ ದಿನ ಪಾರ್ಟಿಯವರು ಗಣೇಶಗುಡಿಗೆ ರಾಫ್ಟಿಂಗ್ ಹೋದರು. ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟಾಗಲೇ ಅಲ್ಲಿ ದೋಣಿ ನಡೆಯುವುದು, ಆದ್ದರಿಂದ ಕಾಯುವ ಕೆಲಸವೇ ಜಾಸ್ತಿಯಂತೆ. ರೆಸಾರ್ಟಿನ ಜೀಪು ಅವರನ್ನು ಕರೆದುಕೊಂಡು ಹೋದದ್ದರಿಂದ ಅಬ್ಬಾನಿಗೆ ಒಂದು ದಿನ ಬಿಡುವು. "ನಡಿ, ನಿನಗೆ ಒಬ್ಬ ಚಾಚಾನ ಮನೆ ತೋರಿಸುತ್ತೇನೆ" ಎಂದರು. ಹಳಿಯಾಳದ ಬಸ್ ಹತ್ತಿ ನಡುವೆ ಇಳಿದು ಎರಡು ಕಿಲೋಮೀಟರ್ ನಡೆದೆವು.

ಆ ಚಾಚಾ ಎಂಟು ವರ್ಷದ ಹಿಂದೆ ಮೈಸೂರು ರಸ್ತೆಯ ಒಂದು ಟ್ರಾವೆಲ್ಸಿನಲ್ಲಿ ಅಬ್ಬಾನ ಜೊತೆ ಡ್ರೈವರ್ ಆಗಿದ್ದರು. ಸಿದ್ದಿ ಮುಸ್ಲಿಮರು. ಮನೆ ಮುಂದೆ ಸೆಗಣಿ ಸಾರಿಸಿದ ಅಂಗಳ, ಮೂಲೆಯಲ್ಲಿ ಅಕೇಶಿಯಾ ಸೌದೆ, ಒಂದು ಹಳೆಯ ಬಜಾಜ್ ಬೈಕ್. ಚಾಚಾ ನಮ್ಮ ಜೊತೆ ಉರ್ದು, ಹೆಂಡತಿಯ ಜೊತೆ ಕೊಂಕಣಿ ಬೆರೆತ ಭಾಷೆ, ಪಕ್ಕದ ಮನೆಯವರ ಜೊತೆ ಗಟ್ಟಿ ಧಾರವಾಡದ ಕನ್ನಡ. ಅವರ ಕನ್ನಡದ ಮುಂದೆ ನಮ್ಮ ಕೆಂಗೇರಿ ಕನ್ನಡ ತೀರಾ ಬಡವಾಗಿ ಕೇಳಿಸಿತು.

ಅವರ ತಾಯಿ, ಎಲ್ಲರಿಗೂ ದಾದಿ, ಜಗುಲಿಯಲ್ಲಿ ಕೂತು ಕವಂದಿ ಹೊಲಿಯುತ್ತಿದ್ದರು. ಹಳೆಯ ಸೀರೆ, ಅಂಗಿ, ಲುಂಗಿಯ ತುಂಡುಗಳನ್ನು ಒಂದರ ಪಕ್ಕ ಒಂದಿಟ್ಟು ಮಾಡುವ ಕೌದಿ ಅದು. ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ಒಳಗೆ ಬರುತ್ತಾರೆ, ಹೊಲಿಗೆ ಮುಗಿಯುವುದು ನಡುವಿನಲ್ಲಿ. ಕೊನೆಗೆ ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ಹೂವು. ಒಂದು ತುಂಡು ನೋಡಿ ಇದು ಯಾರದು ಎಂದು ನಾನು ಕೇಳಿದೆ. ತೀರಿಹೋದ ಗಂಡನ ಅಂಗಿ ಎಂದರು. ಇನ್ನೊಂದು ಮೊಮ್ಮಗಳ ಶಾಲೆಯ ಯೂನಿಫಾರ್ಮ್, ನೀಲಿ ಚೌಕಳಿ. ನಮ್ಮ ಮನೆಯಲ್ಲಿ ಅಲ್ಬಮ್ ತೆಗೆದು ತೋರಿಸುವ ಹಾಗೆ ಅವರು ಕೌದಿ ತೋರಿಸಿದರು.

ಆಫ್ರಿಕಾದ ಬಗ್ಗೆ ಕೇಳಬೇಕೆಂದು ನನಗೆ ಆಸೆ, ಆದರೆ ಹಿಂದಿನ ರಾತ್ರಿಯ ಆ ಪ್ರಶ್ನೆ ಇನ್ನೂ ಕಿವಿಯಲ್ಲಿತ್ತು. ಅಬ್ಬಾನೇ ಮಾತು ತೆಗೆದರು, ಹಿರಿಯರು ಹಳೆಯ ಕತೆ ಏನಾದರೂ ಹೇಳುತ್ತಿದ್ದರಾ ಎಂದು. ದಾದಿ ಸೂಜಿ ನಿಲ್ಲಿಸಲಿಲ್ಲ. "ಕಾಡಿಗೆ ಬಂದದ್ದು ಗೊತ್ತು ಬೇಟಾ. ಯಾಕೆ ಓಡಿ ಬಂದರು ಅಂತ ಹೇಳಲಿಲ್ಲ. ಹೊಡೆತ ತಿಂದವರು ಮಕ್ಕಳ ಮುಂದೆ ಹೇಳುತ್ತಾರೇನು?" ಎಂದರು. ಆಮೇಲೆ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಊಟದ ನಂತರ ಚಾಚಾ ಬೆಂಗಳೂರು ಬಿಟ್ಟ ಕತೆ ಹೇಳಿದರು. ನಗುತ್ತಲೇ ಹೇಳಿದರು. ಫೋನಿನಲ್ಲಿ ಮನೆ ಇದೆ ಎಂದವರು ಎದುರು ಬಂದಾಗ ಇಲ್ಲ ಎನ್ನುತ್ತಿದ್ದರಂತೆ. ಒಬ್ಬರು ಪಾಸ್‌ಪೋರ್ಟ್ ಕೇಳಿದರಂತೆ. ಆಧಾರ್ ಕೊಟ್ಟರೆ ಇದು ಎಲ್ಲಿ ಮಾಡಿಸಿದ್ದು ಎಂಬ ಪ್ರಶ್ನೆ. ಆರು ತಿಂಗಳು ಗಾಡಿಯಲ್ಲೇ ಮಲಗಿದರು. 2016ರ ಜನವರಿ ಕೊನೆಯಲ್ಲಿ ಸೋಲದೇವನಹಳ್ಳಿಯ ಹತ್ತಿರ ಒಂದು ಅಪಘಾತವಾಗಿ ಮಹಿಳೆಯೊಬ್ಬರು ಸತ್ತರು. ಕಾರು ಓಡಿಸುತ್ತಿದ್ದವನು ಸುಡಾನಿನವನು. ಅದಕ್ಕೆ ಸಂಬಂಧವೇ ಇಲ್ಲದ, ಆಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಎಳೆದು ಹೊಡೆಯಿತು. ನಮ್ಮ ರಾಜಾಜಿನಗರದಿಂದ ಅದು ಎಷ್ಟು ದೂರ ಹೇಳಿ? ಆ ಸುದ್ದಿಯನ್ನು ಚಾಚಾ ಇನ್ನೂ ಮರೆತಿಲ್ಲ. "ರಾತ್ರಿ ಗುಂಪು ಬಂದರೆ ನಾನು ಹಳಿಯಾಳದವನು ಅಂತ ಹೇಳುವಷ್ಟು ಟೈಮ್ ಕೊಡುತ್ತಾರಾ ಭಾಯ್?" ಎಂದು ಅಬ್ಬಾನನ್ನು ಕೇಳಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಅಬ್ಬಾನಿಗೆ ನಮ್ಮ ಫೂಫಿಯ ವಿಷಯ ಎತ್ತಿದೆ. ಅವರು ನನ್ನ ಚಿಕ್ಕ ತಂಗಿಯನ್ನು ಮುದ್ದಿನಿಂದಲೇ "ಹಬ್ಶಿ" ಎಂದು ಕರೆಯುತ್ತಾರೆ. ಅವಳು ಮನೆಯಲ್ಲಿ ಎಲ್ಲರಿಗಿಂತ ಕಪ್ಪು. ಈಗೀಗ ಫೇರ್‌ನೆಸ್ ಕ್ರೀಮ್ ಕೇಳಲು ಶುರು ಮಾಡಿದ್ದಾಳೆ, ಇನ್ನೂ ಒಂಬತ್ತು ವರ್ಷ. ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಬ್ಶಾ ಅಂದರೆ ಇಥಿಯೋಪಿಯಾ, ಹಜ್ರತ್ ಬಿಲಾಲರೂ ಹಬ್ಶಿಯೇ, ಇದನ್ನು ನಿನ್ನ ಫೂಫಿಗೆ ಹೇಳುತ್ತೇನೆ ಎಂದರು. ಹೇಳಿದ್ದಾರೆ ಕೂಡ. ಫೂಫಿ ಒಂದು ವಾರ ನಮ್ಮ ಮನೆಗೆ ಬರಲಿಲ್ಲ.

ಅದೇ ಹಬ್ಶಿಗಳ ಇನ್ನೊಂದು ಕತೆಯೂ ನಮ್ಮ ದಖ್ಖನ್ ಚರಿತ್ರೆಯಲ್ಲಿದೆ. ಮಲಿಕ್ ಅಂಬರ್ ಸುಮಾರು 1548ರಲ್ಲಿ ಇಥಿಯೋಪಿಯಾದಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಮಾರಾಟವಾಗಿ, ಹಲವು ಕೈ ದಾಟಿ ಇಲ್ಲಿಗೆ ಬಂದವನು. ಕೆಲವು ಕಾಲ ಬಿಜಾಪುರದ ಸೇವೆಯಲ್ಲೂ ಇದ್ದ. ಆಮೇಲೆ ಅಹಮದ್‌ನಗರದ ರಾಜ್ಯವನ್ನೇ ನಡೆಸಿದ, ಮುಂದೆ ಔರಂಗಾಬಾದ್ ಎಂದು ಹೆಸರಾದ ಜಾಗದಲ್ಲಿ ಖಡ್ಕಿ ಎಂಬ ಊರು ಕಟ್ಟಿದ, ವರ್ಷಗಟ್ಟಲೆ ಮೊಘಲರ ವಿರುದ್ಧ ಹೋರಾಡಿ 1626ರಲ್ಲಿ ತೀರಿಕೊಂಡ. ಯುದ್ಧದಲ್ಲಿ ಅವನನ್ನು ಮುಗಿಸಲಾಗದ ಜಹಾಂಗೀರ್, ಅಂಬರನ ಕಡಿದ ತಲೆಗೆ ತಾನು ಬಾಣ ಬಿಡುತ್ತಿರುವ ಚಿತ್ರ ಬರೆಸಿಕೊಂಡ! ಬಿಜಾಪುರದಲ್ಲಿ ಇಖ್ಲಾಸ್ ಖಾನ್ ಎಂಬ ಇನ್ನೊಬ್ಬ ಹಬ್ಶಿ, ಮುಹಮ್ಮದ್ ಆದಿಲ್‌ಶಾಹನ ಮಂತ್ರಿಯಾಗಿದ್ದ. ಗೋಳಗುಮ್ಮಟ ನೋಡಲು ಟೂರ್ ಹೋಗುವ ನಾವು ಆ ಸುಲ್ತಾನನ ಸಮಾಧಿಯನ್ನು ನೋಡಿ ಬರುತ್ತೇವೆ, ಮಂತ್ರಿಯ ಹೆಸರು ಕೇಳಿಸಿಕೊಳ್ಳದೆ. ಆದರೆ ಸೇನಾಪತಿಯಾದವರ ಕತೆ ಹೇಳಿ ಖುಷಿಪಟ್ಟು ಅಲ್ಲಿಗೇ ನಿಲ್ಲಿಸುವುದೂ ನನಗೆ ಇಷ್ಟವಿಲ್ಲ. ದಾದಿಯ ಹಿರಿಯರು ಯಾವ ರಾಜ್ಯವನ್ನೂ ಆಳಲಿಲ್ಲ. ಬೇರೆಯವರ ಗದ್ದೆ, ಅಡಿಕೆ ತೋಟಗಳಲ್ಲಿ ದುಡಿದರು.

ಈಚೆಗೆ ಕೆಲವು ಬದಲಾವಣೆಗಳಾಗಿವೆ. 1987ರಲ್ಲಿ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟ, ಜಿಗಿತ ಕಲಿಸಿತು. ಕಮಲಾ ಸಿದ್ದಿ ಹರ್ಡಲ್ಸ್‌ನಲ್ಲಿ ಹೆಸರು ಮಾಡಿದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಕ್ಕೆ ಸೇರಿದರು, 2020ರಲ್ಲಿ ಧಾರವಾಡ, ಬೆಳಗಾವಿಯವರೂ. ಅದೇ 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ಆ ಸಮುದಾಯದಿಂದ ಮೊದಲನೆಯವರು. ಸಿನಿಮಾ ನೋಡುವವರಿಗೆ ನೀನಾಸಂನಲ್ಲಿ ಕಲಿತ ಪ್ರಶಾಂತ್ ಸಿದ್ದಿಯ ಮುಖ ಪರಿಚಯವಿದೆ.

ಚಾಚಾನ ಮಗಳು, ನೀಲಿ ಚೌಕಳಿ ಯೂನಿಫಾರ್ಮಿನವಳು, ಈಗ ನಮ್ಮ ಹಾಗೆಯೇ ದ್ವಿತೀಯ ಪಿಯುಸಿ, ಕಲಾ ವಿಭಾಗ. ನಾವು ಹೊರಡುವಾಗ ಅವಳು ನನ್ನನ್ನು ಕೇಳಿದ್ದು ಆಫ್ರಿಕಾದ ಬಗ್ಗೆಯಲ್ಲ. ಕೆಂಗೇರಿಯಿಂದ ಜ್ಞಾನಭಾರತಿಗೆ ಮೆಟ್ರೋ ಇದೆಯಾ, ಪದವಿಗೆ ಬೆಂಗಳೂರಿಗೆ ಬಂದರೆ ಹಾಸ್ಟೆಲ್ ಸಿಗುತ್ತದಾ, ಸಿಗದಿದ್ದರೆ ಅಪ್ಪನ ಜೊತೆ ಮನೆ ಮಾಡಬಹುದಾ. ಮೆಟ್ರೋ ಇದೆ ಎಂದು ಹೇಳಿದೆ. ಮನೆಯ ವಿಷಯಕ್ಕೆ ಅಬ್ಬಾ ಉತ್ತರ ಕೊಟ್ಟರು: "ನಾನು ನೋಡುತ್ತೇನೆ ಬೇಟಿ."

ಬಂದ ಮೇಲೆ ಅಬ್ಬಾ ಕೆಂಗೇರಿ ಉಪನಗರದಲ್ಲಿ ಮೂರು ಮನೆ ವಿಚಾರಿಸಿದರು. ಈ ಸಲ ಮೊದಲೇ ಚಾಚಾನ ಫೋಟೋ ತೋರಿಸಿ ಕೇಳಿದರು. ಎರಡು ಕಡೆ ಆಮೇಲೆ ಹೇಳುತ್ತೇವೆ ಎಂದರು, ಇನ್ನೂ ಹೇಳಿಲ್ಲ. ಮೂರನೆಯದು ಒಂದು ವಯಸ್ಸಾದ ಅಜ್ಜಿಯ ಮನೆ, ಮಹಡಿಯ ಮೇಲೆ ಶೀಟ್ ಹಾಕಿದ ಎರಡು ಕೋಣೆ. ಅವರು ಫೋಟೋ ಕನ್ನಡಕದ ಹತ್ತಿರ ಹಿಡಿದು ನೋಡಿ, "ಹುಡುಗಿ ಓದ್ತಾಳೆ ತಾನೆ? ನೀರು ದಿನ ಬಿಟ್ಟು ದಿನ ಬರುತ್ತೆ, ಮೊದಲೇ ಹೇಳಿಬಿಡಿ" ಎಂದರು. ಜೂನ್‌ವರೆಗೆ ಖಾಲಿ ಇಡಲು ಎರಡು ಸಾವಿರ ಅಡ್ವಾನ್ಸ್ ಕೇಳಿದ್ದಾರೆ. ಅಬ್ಬಾ ಕೊಟ್ಟು ಬಂದಿದ್ದಾರೆ.